ಕೊಕ್ಕೋ ಬಿಸ್ಕುಟಿನ ಮೊದಲ ಟ್ರೇ

ಮನೆಯಲ್ಲಿ ಓವನ್ ಇದೆ, ಆದರೆ ಅದರೊಳಗೆ ಹಳೆಯ ಡಬ್ಬಿಗಳನ್ನೂ ಮದುವೆಯಲ್ಲಿ ಉಡುಗೊರೆ ಬಂದ ಸ್ಟೀಲ್ ತಟ್ಟೆಗಳನ್ನೂ ಪೇರಿಸಿ ಇಟ್ಟಿದ್ದೀರಿ ಎಂದಾದರೆ ಈ ಬರಹ ನಿಮಗೆ. ಓವನ್ ಇಲ್ಲ, ದಪ್ಪ ತಳದ ಒಂದು ಪಾತ್ರೆ ಮಾತ್ರ ಇದೆ ಎನ್ನುವವರಿಗೂ ಹೌದು. ಚಾಕಲೇಟ್ ಬಿಸ್ಕುಟು ಮಾಡುವುದು ಚಕ್ಕುಲಿಗಿಂತ ಸುಲಭ, ಹಾಲುಬಾಯಿಗಿಂತ ಖಂಡಿತ ಸುಲಭ. ಕೈ ಸೋಲುವವರೆಗೆ ತಿರುವುವ ಕೆಲಸವಿಲ್ಲ, ಕಾದ ಎಣ್ಣೆಯ ಮುಂದೆ ನಿಲ್ಲುವ ಕಷ್ಟವಿಲ್ಲ. ಆದರೂ ಕುಂದಾಪುರ, ಬೈಂದೂರು, ಬ್ರಹ್ಮಾವರದ ಅಡುಗೆಮನೆಗಳಲ್ಲಿ ಮೊದಲ ಟ್ರೇ ಬಹಳ ಸಲ ಕೆಡುತ್ತದೆ. ಕೆಡಿಸುವುದು ಮಾಡುವವರ ಕೈಯಲ್ಲ, ನಮ್ಮ ಊರಿನ ಸೆಕೆ. ಚಳಿ ಊರಿನವರು ಬರೆದಿಟ್ಟ ಅಳತೆಯನ್ನು ಸೆಕೆ ಊರಿನಲ್ಲಿ ಹಾಗೆಯೇ ನಡೆಸಲು ಹೊರಟರೆ ಬೆಣ್ಣೆ ಒಪ್ಪುವುದಿಲ್ಲ.

ಬೆಣ್ಣೆಯ ವಿಷಯಕ್ಕೆ ಆಮೇಲೆ ಬರುತ್ತೇನೆ. ಮೊದಲು ಒಂದು ಹಣ್ಣಿನ ವಿಷಯ ಹೇಳಬೇಕು, ಯಾಕೆಂದರೆ ನಾನು ಈ ಬಿಸ್ಕುಟು ಮಾಡಲು ಕಲಿತದ್ದೇ ಆ ಹಣ್ಣಿನ ರುಚಿ ಹುಡುಕಿಕೊಂಡು.

ನಾನು ಬೆಳೆದದ್ದು ಶಂಕರನಾರಾಯಣದ ಕಡೆಯ ಒಂದು ಅಡಿಕೆ ತೋಟದಲ್ಲಿ. ಘಟ್ಟದ ಬುಡದ ಈ ಭಾಗದಲ್ಲಿ ಅಡಿಕೆಯ ನೆರಳಿಗೆ ಅಲ್ಲೊಂದು ಇಲ್ಲೊಂದು ಕೊಕ್ಕೋ ಗಿಡ ಇರುತ್ತಿತ್ತು. ಪುಸ್ತಕದಲ್ಲಿ ಕೋಕೋ ಎಂದು ಬರೆದರೂ ನಮ್ಮ ಬಾಯಲ್ಲಿ ಅದು ಕೊಕ್ಕೋ. ಹಲಸಿನ ಹಾಗೆ ಇದಕ್ಕೂ ಕಾಂಡದ ಮೈಯಲ್ಲೇ ಹೂ, ಕಾಂಡದ ಮೈಯಲ್ಲೇ ಕಾಯಿ. ಹಳದಿಗೆ ತಿರುಗಿದ ಹಣ್ಣನ್ನು ಕಲ್ಲಿಗೆ ಕುಟ್ಟಿದರೆ ಎರಡು ಹೋಳು. ಒಳಗೆ ಮೂವತ್ತು ನಲವತ್ತು ಬೀಜ, ಪ್ರತಿ ಬೀಜದ ಮೇಲೂ ಬಿಳಿ ಲೋಳೆಯ ಹೊದಿಕೆ. ಆ ಲೋಳೆಯೇ ನಮ್ಮ ಚಾಕಲೇಟು. ಲಿಂಬೆಯ ಸಣ್ಣ ಹುಳಿ, ಎಳನೀರಿನ ಗಂಜಿಯ ನುಣುಪು, ಹಿಂದಿನಿಂದ ಒಂದು ಸಿಹಿ. ಶಾಲೆಯಿಂದ ಬಂದು ಚೀಲ ಎಸೆದು ತೋಟಕ್ಕೆ ಓಡಿದರೆ, ನಮಗಿಂತ ಮೊದಲು ಅಳಿಲು ಬಂದು ಹಣ್ಣಿಗೆ ತೂತು ಕೊರೆದಿರುತ್ತಿತ್ತು.

ಅಜ್ಜಿಯದು ಒಂದೇ ಮಾತು: “ಚೀಪಿದ್ ಬೀಜ ಬುಟ್ಟಿಗ್ ಹಾಕ್ಬೇಡಿ ಮಕ್ಳೆ.” ಎಂಜಲಿನ ಕಾರಣಕ್ಕೆ ಹೇಳುತ್ತಾರೆಂದು ನಾವು ತಿಳಿದಿದ್ದೆವು. ಚೀಪಿ ಅಡಿಕೆ ಮರದ ಬುಡಕ್ಕೆ ಉಗುಳುತ್ತಿದ್ದೆವು. ಬುಟ್ಟಿಯ ಬೀಜ ಮಾತ್ರ ತೂಕಕ್ಕೆ ಹೋಗುತ್ತಿತ್ತು.

ಎಂಜಲಿನ ಮಾತು ಸರಿಯೇ, ಆದರೆ ಅದಕ್ಕಿಂತ ದೊಡ್ಡ ಕಾರಣ ಇನ್ನೊಂದಿದೆ ಎಂದು ಗೊತ್ತಾದದ್ದು ನಾನೇ ಟೀಚರಾದ ಮೇಲೆ. ಕೊಕ್ಕೋ ಬೀಜವನ್ನು ಲೋಳೆಯ ಸಮೇತ ರಾಶಿ ಹಾಕಿ ಮುಚ್ಚಿ ಐದಾರು ದಿನ ಹುಳಿಬರಿಸಬೇಕು. ದೋಸೆ ಹಿಟ್ಟಿನ ಹಾಗೆಯೇ ಇಲ್ಲೂ ಕಣ್ಣಿಗೆ ಕಾಣದ ಜೀವಿಗಳು ಲೋಳೆಯ ಸಕ್ಕರೆ ತಿಂದು ಕೆಲಸ ನಡೆಸುತ್ತವೆ. ರಾಶಿ ಬಿಸಿಯಾಗುತ್ತದೆ, ಕೈ ಇಟ್ಟರೆ ಸುಡುವಷ್ಟು, 45 ರಿಂದ 50 ಡಿಗ್ರಿ. ಹುಳಿ ಬೀಜದೊಳಗೆ ಇಳಿದು, ಬೀಜ ಸತ್ತು, ಅದರ ಕಹಿ ಮುರಿದು, ಚಾಕಲೇಟಿನ ಪರಿಮಳಕ್ಕೆ ಬೇಕಾದ ಬುನಾದಿ ಅಲ್ಲಿ ಬೀಳುತ್ತದೆ. ಆ ಪರಿಮಳ ಹೊರಗೆ ಬರುವುದು ಮುಂದೆ ಹುರಿಯುವಾಗ. ಲೋಳೆ ಇಲ್ಲದೆ ಹುಳಿ ಬರುವುದಿಲ್ಲ, ಹುಳಿ ಬರದೆ ಚಾಕಲೇಟು ಆಗುವುದಿಲ್ಲ. ನಾವು ಚೀಪಿ ಉಗುಳಿದ ಬೀಜ ಬುಟ್ಟಿಗೆ ಬಿದ್ದಿದ್ದರೂ ಪ್ರಯೋಜನವಿರಲಿಲ್ಲ.

ಬುಟ್ಟಿಯ ಬೀಜ ಎಲ್ಲಿಗೆ ಹೋಗುತ್ತಿತ್ತು? ಇದನ್ನು ಹೊಸಬರು ತಿಳಿದಿರಬೇಕು, ಯಾಕೆಂದರೆ ನೀವು ಅಂಗಡಿಯಿಂದ ತರುವ ಕೋಕೋ ಪುಡಿಯ ಡಬ್ಬಿ ಬಹುಶಃ ಅದೇ ದಾರಿಯಿಂದ ಬಂದದ್ದು. ಕರ್ನಾಟಕ ಮತ್ತು ಕೇರಳದ ಅಡಿಕೆ ಬೆಳೆಗಾರರು ಸೇರಿ 1973ರಲ್ಲಿ ಮಂಗಳೂರಿನಲ್ಲಿ ಕಟ್ಟಿದ ಸಹಕಾರಿ ಸಂಸ್ಥೆ ಕ್ಯಾಂಪ್ಕೋ. ವಾರಣಾಶಿ ಸುಬ್ರಾಯ ಭಟ್ಟರು ಅದರ ಸ್ಥಾಪಕ ಅಧ್ಯಕ್ಷರು. ಕೊಕ್ಕೋ ಬೆಳೆಯಿರಿ ಎಂಬ ಉತ್ತೇಜನಕ್ಕೆ ತೋಟಗಳಲ್ಲಿ ಗಿಡ ನೆಟ್ಟವರಿಗೆ, ಫಸಲು ಕೈಗೆ ಬರುವ ಹೊತ್ತಿಗೆ ಬೆಲೆ ಕುಸಿದು ಕೊಳ್ಳುವವರೇ ಇಲ್ಲದ ಕಾಲ ಬಂತು. ಆಗ ಬೆಳೆಗಾರರ ಸಂಸ್ಥೆಯೇ ಬೀಜ ಕೊಳ್ಳತೊಡಗಿತು, 1986ರಲ್ಲಿ ಪುತ್ತೂರಿನಲ್ಲಿ ಚಾಕಲೇಟ್ ಕಾರ್ಖಾನೆಯನ್ನೇ ತೆರೆಯಿತು. ರೈತರು ತಮ್ಮ ಬೆಳೆಗೆ ಮಾರುಕಟ್ಟೆ ಇಲ್ಲವೆಂದು ಚಾಕಲೇಟ್ ಕಾರ್ಖಾನೆ ಕಟ್ಟಿದ ಈ ಸಂಗತಿಯನ್ನು ನಮ್ಮ ಮಕ್ಕಳ ಪಾಠದಲ್ಲಿ ಸೇರಿಸಬೇಕು ಎಂಬುದು ನನ್ನ ಹಳೆಯ ಅಭಿಪ್ರಾಯ.

ಕಾರ್ಖಾನೆಯಲ್ಲಿ ಒಣಬೀಜವನ್ನು ಹುರಿದು, ಸಿಪ್ಪೆ ತೂರಿ, ತಿರುಳನ್ನು ಅರೆಯುತ್ತಾರೆ. ತಿರುಳಿನಲ್ಲಿ ಅರ್ಧಕ್ಕಿಂತ ಹೆಚ್ಚು ಕೊಬ್ಬು, ಹಾಗಾಗಿ ಅರೆದರೆ ಪುಡಿಯಾಗುವುದಿಲ್ಲ, ಎಳ್ಳು ಅರೆದ ಹಾಗೆ ಮುದ್ದೆಯಾಗುತ್ತದೆ. ಆ ಮುದ್ದೆಯನ್ನು ಒತ್ತಿ ಕೊಬ್ಬನ್ನು ಬೇರೆ ಮಾಡಿದ ಮೇಲೆ ಉಳಿದ ಹಿಂಡಿಯನ್ನು ಪುಡಿಮಾಡಿದರೆ ಅದು ಕೋಕೋ ಪುಡಿ. ಒತ್ತಿ ಕೊಬ್ಬು ತೆಗೆಯುವ ಈ ಉಪಾಯ 1828ರಲ್ಲಿ ಹಾಲೆಂಡಿನ ವಾನ್ ಹೌಟೆನ್ ಮನೆತನದ್ದು. ಇದು ಗೊತ್ತಿಲ್ಲದೆ ನಾನೊಮ್ಮೆ ತೋಟದ ಬೀಜ ಹುರಿದು ಮಿಕ್ಸಿಗೆ ಹಾಕಿದೆ. ಮುದ್ದೆ ಬ್ಲೇಡಿಗೆ ಹಿಡಿದುಕೊಂಡು ಮಿಕ್ಸಿ ಸುಟ್ಟ ವಾಸನೆ ಬಂತು. ಪುಡಿಯನ್ನು ಅಂಗಡಿಯಿಂದಲೇ ತನ್ನಿ.

ಇನ್ನು ಬಿಸ್ಕುಟಿಗೆ ಬರೋಣ. ನಮ್ಮ ಕಡೆಯ ಮನೆತಿಂಡಿಗಳನ್ನು ಲೆಕ್ಕ ಹಾಕಿ ನೋಡಿ. ಚಕ್ಕುಲಿ, ತೇಂಗೊಳಲು, ಸುಟ್ಟೇವು ಕರಿದದ್ದು. ಕೊಟ್ಟೆ ಕಡುಬು, ಗೆಣಸೆಲೆ ಹಬೆಯಲ್ಲಿ ಬೆಂದದ್ದು. ಬ್ರಹ್ಮಾವರ, ಕಲ್ಯಾಣಪುರ ಕಡೆಯ ಕ್ರೈಸ್ತರ ಮನೆಗಳಿಂದ ಕ್ರಿಸ್‌ಮಸ್‌ಗೆ ಬರುವ ಕುಸ್ವಾರ್ ತಟ್ಟೆಯಲ್ಲೂ ಗುಲಾಬಿ ಹೂವಿನ ಆಕಾರದ ಕೊಕ್ಕಿಸಾಂ, ಕಿಡಿಯೊ, ನೆವ್ರಿ ಎಲ್ಲವೂ ಎಣ್ಣೆಯಲ್ಲಿ ಮಿಂದು ಬಂದವು. ಒಣ ಬಿಸಿಯಲ್ಲಿ, ಮುಚ್ಚಿದ ಗೂಡಿನೊಳಗೆ ಬೇಯಿಸುವುದು ಪೇಟೆಯ ಬೇಕರಿಯವರ ಕೆಲಸ. ಅಪ್ಪಯ್ಯ ಕುಂದಾಪುರದಿಂದ ಬರುವಾಗ ಪೇಪರಿನಲ್ಲಿ ಸುತ್ತಿ ನೂಲು ಕಟ್ಟಿಸಿ ತರುತ್ತಿದ್ದ ನಾನ್‌ಖಟಾಯಿಯೇ ನಮಗೆ ಗೊತ್ತಿದ್ದ ದೊಡ್ಡ ಬಿಸ್ಕುಟು. ಬಸ್ಸಿನ ಕುಲುಕಾಟಕ್ಕೆ ಅರ್ಧ ಪುಡಿಯಾಗಿರುತ್ತಿತ್ತು. ಪುಡಿಯ ಮೇಲೆ ಜಗಳ ಹೆಚ್ಚು.

ನಾನು ಹೇಳಿಕೊಡುವ ಬಿಸ್ಕುಟು ಆ ನಾನ್‌ಖಟಾಯಿಯ ಕಡೆಯದು. ಅಮೆರಿಕದ ಚಾಕಲೇಟ್ ಚಿಪ್ ಕುಕ್ಕಿಗೆ, 1930ರ ದಶಕದಲ್ಲಿ ರುತ್ ವೇಕ್‌ಫೀಲ್ಡ್ ಎಂಬವರು ತಮ್ಮ ಹೋಟೆಲಿನಲ್ಲಿ ಮಾಡಿ ಹೆಸರು ಮಾಡಿದ ಆ ತಿಂಡಿಗೆ, ಮೊಟ್ಟೆ ಬೇಕು. ನಮ್ಮ ಎಷ್ಟೋ ಮನೆಗಳ ಅಡುಗೆಮನೆಗೆ ಮೊಟ್ಟೆ ಬರುವುದಿಲ್ಲ. ನಾನ್‌ಖಟಾಯಿಯಲ್ಲಿ ಮೊಟ್ಟೆಯಿಲ್ಲ. ಹಿಟ್ಟು, ಕೊಬ್ಬು, ಸಕ್ಕರೆ ಮೂರರ ಸಂಬಂಧ ಸರಿಯಾದರೆ ಅದು ನಿಲ್ಲುತ್ತದೆ. ಅದಕ್ಕೆ ಕೋಕೋ ಸೇರಿಸುತ್ತೇನೆ, ಸ್ವಲ್ಪ ಬೆಲ್ಲ ಸೇರಿಸುತ್ತೇನೆ, ಚೀಪಿದ ಬೀಜದ ಹುಳಿಯ ನೆನಪಿಗೆ ಲಿಂಬೆಯ ಸಿಪ್ಪೆ ತುರಿದು ಹಾಕುತ್ತೇನೆ. ಕುಂದಾಪುರ ಗೇರುಬೀಜದ ಕಾರ್ಖಾನೆಗಳ ಊರು, ಚೂರು ಗೇರುಬೀಜ ಇಡಿಯದಕ್ಕಿಂತ ಅಗ್ಗ, ಅದೂ ಇರಲಿ.

ಅಳತೆ ಬರೆದುಕೊಳ್ಳಿ. ಮೈದಾ 140 ಗ್ರಾಂ, ಕೋಕೋ ಪುಡಿ 25 ಗ್ರಾಂ, ಬೆಣ್ಣೆ 100 ಗ್ರಾಂ, ಪುಡಿ ಸಕ್ಕರೆ 60 ಗ್ರಾಂ, ಪುಡಿ ಬೆಲ್ಲ 30 ಗ್ರಾಂ, ಅಡುಗೆ ಸೋಡಾ ಕಾಲು ಟೀ ಚಮಚ, ಒಂದು ಲಿಂಬೆಯ ಸಿಪ್ಪೆ, ಚಾಕಲೇಟ್ ಬಾರಿನ ಚೂರು 40 ಗ್ರಾಂ, ಗೇರುಬೀಜದ ಚೂರು 40 ಗ್ರಾಂ, ಹಾಲು ಒಂದರಿಂದ ಎರಡು ಚಮಚ. ಇಷ್ಟರಲ್ಲಿ ಇಪ್ಪತ್ತು ಇಪ್ಪತ್ತೆರಡು ಬಿಸ್ಕುಟು ಆಗುತ್ತದೆ. ಮೊದಲ ಸಲ ಇದನ್ನು ದುಪ್ಪಟ್ಟು ಮಾಡಲು ಹೋಗಬೇಡಿ.

ಗ್ರಾಂ ಯಾಕೆ, ಅಜ್ಜಿ ಕುಡ್ತೆಯಲ್ಲಿ ಅಳೆಯುತ್ತಿದ್ದರಲ್ಲ ಎಂದು ಕೇಳುತ್ತೀರಿ. ಅಜ್ಜಿಯ ಕುಡ್ತೆಯ ಜೊತೆಗೆ ಅಜ್ಜಿಯ ಕೈಯೂ ಇತ್ತು. ಹೊಸಬರ ಕೈಗೆ ಆ ಲೆಕ್ಕ ಇನ್ನೂ ಬಂದಿಲ್ಲ. ಮೈದಾವನ್ನು ಒಂದು ಕಪ್ಪಿಗೆ ಜರಡಿ ಹಿಡಿದು ತುಂಬಿದರೆ 120 ಗ್ರಾಂ ಹಿಡಿಯಬಹುದು, ಅದುಮಿ ತುಂಬಿದರೆ 150 ದಾಟಬಹುದು. ಸಾರಿಗೆ ಈ ವ್ಯತ್ಯಾಸ ಏನೂ ಮಾಡುವುದಿಲ್ಲ, ಬಿಸ್ಕುಟಿಗೆ ಮಾಡುತ್ತದೆ. ಅಡುಗೆಮನೆಗೆ ಒಂದು ಸಣ್ಣ ತಕ್ಕಡಿ ಕೊಳ್ಳಿ, ಅಚ್ಚು, ಬಣ್ಣ, ಎಸೆನ್ಸ್ ಯಾವುದೂ ಬೇಡ.

ಕೋಕೋ ಪುಡಿಯ ಡಬ್ಬಿಯ ಹಿಂಭಾಗವನ್ನು ಒಮ್ಮೆ ಓದಿ. ಬರೀ ಕೋಕೋ ಪುಡಿ ಎಂದಿದ್ದರೆ ಅದಕ್ಕೆ ಸಹಜ ಹುಳಿ ಇರುತ್ತದೆ, ಆ ಹುಳಿ ಸೋಡಾದ ಜೊತೆ ಸೇರಿ ಗುಳ್ಳೆ ಎಬ್ಬಿಸುತ್ತದೆ, ಬಿಸ್ಕುಟು ಹಗುರಾಗುತ್ತದೆ. ಅಸಿಡಿಟಿ ರೆಗ್ಯುಲೇಟರ್ ಎಂದು 500, 501ರಂಥ ಸಂಖ್ಯೆ ಬರೆದಿದ್ದರೆ ಆ ಪುಡಿಯ ಹುಳಿಯನ್ನು ಕ್ಷಾರ ಹಾಕಿ ಕಳೆದಿದ್ದಾರೆ ಎಂದರ್ಥ. ಬಣ್ಣ ಗಾಢ, ಕಹಿ ಕಡಿಮೆ, ಆದರೆ ಸೋಡಾವನ್ನು ಎಬ್ಬಿಸುವ ಶಕ್ತಿ ಇಲ್ಲ. ಆಗ ಸೋಡಾ ಬಿಟ್ಟು ಅರ್ಧ ಚಮಚ ಬೇಕಿಂಗ್ ಪೌಡರ್ ಹಾಕಿ. ಸೋಡಾ ಜಾಸ್ತಿ ಹಾಕಿದರೆ ಹೆಚ್ಚು ಉಬ್ಬುತ್ತದೆ ಎಂಬ ಆಸೆ ಬೇಡ, ಸಾಬೂನಿನ ರುಚಿ ಬರುತ್ತದೆ. ಸಕ್ಕರೆ ಬೆರೆಸಿದ ಕುಡಿಯುವ ಚಾಕಲೇಟ್ ಪುಡಿ ಬೇರೆ, ಕೋಕೋ ಪುಡಿ ಬೇರೆ. ಅಂಗಡಿಯಲ್ಲಿ ಎರಡೂ ಪಕ್ಕಪಕ್ಕ ಇರುತ್ತವೆ, ಗಡಿಬಿಡಿಯಲ್ಲಿ ಬದಲಾಗುತ್ತದೆ.

ಬೆಲ್ಲ ಒಣಗಿದ್ದು, ಅಚ್ಚಿನದು ಇರಲಿ. ಜೋನಿ ಬೆಲ್ಲ ಹಾಕಿದರೆ ಪರಿಮಳ ಚೆನ್ನ, ಆದರೆ ಅದರ ನೀರಿನಂಶ ಲೆಕ್ಕ ತಪ್ಪಿಸುತ್ತದೆ. ನಾಲ್ಕೈದು ಸಲ ಕೈ ಕುದುರಿದ ಮೇಲೆ ಹಾಲಿನ ಬದಲಿಗೆ ಅದನ್ನು ಹಾಕಿ ನೋಡಿ.

ಈಗ ಬೆಣ್ಣೆ. ಇಲ್ಲಿ ಸ್ವಲ್ಪ ಹೊತ್ತು ಕೂರೋಣ.

ಎಲ್ಲ ಪುಸ್ತಕಗಳೂ ಬೆಣ್ಣೆಯನ್ನು ಕೋಣೆಯ ಬಿಸಿಗೆ ತನ್ನಿ ಎನ್ನುತ್ತವೆ. ಬರೆದವರ ಕೋಣೆ 20 ಡಿಗ್ರಿ. ಏಪ್ರಿಲ್ ಮಧ್ಯಾಹ್ನ ನಮ್ಮ ಕೋಣೆ 33, 34. ಬೆಣ್ಣೆ ಪೂರ್ತಿ ಕರಗುವುದು ಹೆಚ್ಚುಕಡಿಮೆ ಅಲ್ಲಿಯೇ. ಕೊಕ್ಕೋ ಕೊಬ್ಬು ಕರಗುವುದೂ ಸುಮಾರು 34ಕ್ಕೆ, ಅದಕ್ಕೇ ಚಾಕಲೇಟು ಬಾಯಲ್ಲಿ ಕರಗುತ್ತದೆ, ಅದಕ್ಕೇ ಬೇಸಗೆಯಲ್ಲಿ ನಮ್ಮ ಅಂಗಡಿಯ ಬಾರು ಕಾಗದಕ್ಕೆ ಅಂಟಿಕೊಂಡಿರುತ್ತದೆ. ಹಾಗಾಗಿ “ಕೋಣೆಯ ಬಿಸಿ” ಎಂಬ ಮಾತನ್ನು ನಾವು ಮರೆಯಬೇಕು. ಫ್ರಿಜ್ಜಿನಿಂದ ತೆಗೆದ ಬೆಣ್ಣೆಯನ್ನು ತುಂಡು ಮಾಡಿ ತಟ್ಟೆಯಲ್ಲಿ ಹರಡಿ. ಬೇಸಗೆಯಲ್ಲಿ ಏಳೆಂಟು ನಿಮಿಷ, ಮಳೆಗಾಲದಲ್ಲಿ ಇಪ್ಪತ್ತು ನಿಮಿಷ. ಬೆರಳಿನಿಂದ ಒತ್ತಿದರೆ ಗುಳಿ ಬೀಳಬೇಕು, ಬೆರಳಿಗೆ ಎಣ್ಣೆಯ ಹೊಳಪು ಹತ್ತಬಾರದು. ಹೊಳಪು ಹತ್ತಿತೋ, ಪುನಃ ಫ್ರಿಜ್ಜಿಗೆ.

ಇಷ್ಟೊಂದು ಮಡಿ ಯಾಕೆ? ಗಟ್ಟಿಯೂ ಅಲ್ಲದ ನೀರೂ ಅಲ್ಲದ ಬೆಣ್ಣೆಗೆ ಸಕ್ಕರೆ ಹಾಕಿ ಕಡೆದಾಗ, ಸಕ್ಕರೆಯ ಕಣಗಳು ಬೆಣ್ಣೆಯಲ್ಲಿ ಗಾಳಿಯ ಸಣ್ಣ ಸಣ್ಣ ಗೂಡು ಮಾಡುತ್ತವೆ. ಸೋಡಾ ಹೊಸ ಗೂಡು ಕಟ್ಟುವುದಿಲ್ಲ, ಇದ್ದ ಗೂಡನ್ನು ಹಿಗ್ಗಿಸುತ್ತದೆ ಅಷ್ಟೆ. ಕರಗಿದ ಬೆಣ್ಣೆಯಲ್ಲಿ ಗೂಡು ನಿಲ್ಲುವುದಿಲ್ಲ. ಜೊತೆಗೆ ಟ್ರೇ ಓವನ್ನಿಗೆ ಹೋದ ಕೂಡಲೇ ಅದು ಹರಿಯುತ್ತದೆ, ಹಿಟ್ಟು ಬೆಂದು ಗಟ್ಟಿಯಾಗುವವರೆಗೆ ಕಾಯುವುದಿಲ್ಲ. ಚಕ್ಕುಲಿ ಹಿಟ್ಟಿಗೆ ಬೆಣ್ಣೆ ಹೆಚ್ಚಾದರೆ ಎಣ್ಣೆಯಲ್ಲಿ ಬಿಚ್ಚಿ ಚೂರುಚೂರಾಗುತ್ತದಲ್ಲ, ಅದರ ತಮ್ಮನೇ ಇದು. ರಜೆಯಲ್ಲಿ ಕಲಿಯಲು ಬರುವ ಹುಡುಗಿಯೊಬ್ಬಳು ಮನೆಯಲ್ಲಿ ತಾನೇ ಮಾಡಿ ಮರುದಿನ ಗೇಟಿನಿಂದಲೇ ಕೂಗಿದಳು: “ಹ್ವಾಯ್ ಟೀಚರೇ, ಇಪ್ಪತ್ತ್ ಇಟ್ಟಿದ್ದೆ, ಒಂದೇ ಆಯ್ತ್ ಕಾಣಿ!” ಟ್ರೇ ತುಂಬ ಒಂದೇ ರೊಟ್ಟಿ. ರುಚಿಗೆ ಏನೂ ಕೊರತೆಯಿರಲಿಲ್ಲ, ಚೂರು ಮಾಡಿ ಹಂಚಿಕೊಂಡು ತಿಂದೆವು.

ಮನೆಯಲ್ಲಿ ಕಡೆದ ಬೆಣ್ಣೆ ಇದ್ದರೆ ಧಾರಾಳವಾಗಿ ಬಳಸಿ. ಅದರಲ್ಲಿ ಮಜ್ಜಿಗೆಯ ಅಂಶ ಉಳಿದಿರುತ್ತದೆ, ತಣ್ಣೀರಿನಲ್ಲಿ ಎರಡು ಸಲ ತೊಳೆದು ಒತ್ತಿ ನೀರು ತೆಗೆಯಿರಿ, ಹಾಲನ್ನು ಅರ್ಧ ಚಮಚಕ್ಕೆ ಇಳಿಸಿ. ತುಪ್ಪವಾದರೆ 80 ಗ್ರಾಂ ಸಾಕು, ಬೆಣ್ಣೆಯ ತೂಕದಲ್ಲಿ ಐದರಲ್ಲಿ ಒಂದು ಪಾಲು ಹತ್ತಿರಹತ್ತಿರ ನೀರು ಮತ್ತು ಹಾಲಿನ ಅಂಶ, ತುಪ್ಪದಲ್ಲಿ ಅದಿಲ್ಲ. ತುಪ್ಪ ಗಟ್ಟಿಯಾಗಿ, ಹರಳಾಗಿ ಇರಬೇಕು. ತುಪ್ಪದ ಬಿಸ್ಕುಟು ಬಾಯಲ್ಲಿ ಮರಳಿನ ಹಾಗೆ ಬಿಚ್ಚಿಕೊಳ್ಳುತ್ತದೆ, ಬೇಕರಿಯ ನಾನ್‌ಖಟಾಯಿಗೆ ಹೆಚ್ಚು ಹತ್ತಿರ. ನನಗೆ ಅದೇ ಇಷ್ಟ. ಅಂಗಡಿಯ ಉಪ್ಪು ಬೆಣ್ಣೆ ಬಳಸಿದರೆ ಬೇರೆ ಉಪ್ಪು ಬೇಡ, ಮಿಕ್ಕವಕ್ಕೆ ಒಂದು ಚಿಟಿಕೆ ಹಾಕಿ. ಉಪ್ಪಿಲ್ಲದ ಚಾಕಲೇಟು ಸಪ್ಪೆ.

ಕೆಲಸ ಶುರು ಮಾಡಿ. ಬೆಳಗ್ಗೆ ಆರೂವರೆಗೆ ಮಾಡಿದರೆ ಅರ್ಧ ಗೆದ್ದ ಹಾಗೆ, ಅಡುಗೆಕಟ್ಟೆಯ ಬಂಡೆಯೂ ಗಾಳಿಯೂ ತಂಪು. ಲಿಂಬೆಯ ಸಿಪ್ಪೆಯ ಮೇಲಿನ ಬಣ್ಣದ ಪದರ ಮಾತ್ರ ತುರಿದು ಪುಡಿ ಸಕ್ಕರೆಯಲ್ಲಿ ಹಾಕಿ ಬೆರಳ ತುದಿಯಿಂದ ತಿಕ್ಕಿ. ಒಳಗಿನ ಬಿಳಿ ಭಾಗ ಕಹಿ, ರಸ ಈ ಕೆಲಸಕ್ಕೆ ಬೇಡ. ಸಕ್ಕರೆಗೆ ಪರಿಮಳ ಹತ್ತುತ್ತದೆ. ಅದಕ್ಕೆ ಬೆಲ್ಲ, ಬೆಣ್ಣೆ ಸೇರಿಸಿ ಮರದ ಸೌಟಿನಿಂದ ಒಂದೇ ದಿಕ್ಕಿನಲ್ಲಿ ನಾಲ್ಕೈದು ನಿಮಿಷ ಕಡೆಯಿರಿ. ದಿಕ್ಕು ಬದಲಾದರೆ ಏನೂ ಆಗುವುದಿಲ್ಲ, ಆದರೆ ನನಗೆ ಕಲಿಸಿದವರು ಹಾಗೆ ಹೇಳಿದ್ದರು, ನನಗೂ ಅಭ್ಯಾಸವಾಗಿದೆ. ಬೆಣ್ಣೆಯ ಬಣ್ಣ ತಿಳಿಯಾಗಿ ಮುದ್ದೆ ಹಗುರಾದರೆ ಸಾಕು. ಪಾತ್ರೆ ಬಿಸಿಯಾಯಿತು ಅನಿಸಿದರೆ ತಣ್ಣೀರಿನ ತಟ್ಟೆಯಲ್ಲಿ ಕೂರಿಸಿ.

ಮೈದಾ, ಕೋಕೋ, ಸೋಡಾ ಮೂರನ್ನೂ ಒಟ್ಟಿಗೆ ಎರಡು ಸಲ ಜರಡಿ ಹಿಡಿಯಿರಿ. ಕೋಕೋ ಗಂಟು ಕಟ್ಟುವ ಸ್ವಭಾವದ್ದು, ಸೋಡಾ ಒಂದೇ ಕಡೆ ಕೂತರೆ ಅಲ್ಲಿ ಕಹಿ. ಇದನ್ನು ಬೆಣ್ಣೆಗೆ ಸುರಿದು ಬೆರಳ ತುದಿಯಿಂದ ಸೇರಿಸಿ. ಸೇರಿಸಿ ಎಂದೆ, ನಾದಿ ಎನ್ನಲಿಲ್ಲ. ಚಪಾತಿ ಹಿಟ್ಟು ನಾದಿದಷ್ಟೂ ಎಳೆ ಬರುತ್ತದೆ, ಚಪಾತಿಗೆ ಅದು ಬೇಕು. ಬಿಸ್ಕುಟಿಗೆ ಎಳೆ ಬಂದರೆ ಹಲ್ಲಿಗೆ ರಬ್ಬರು. ಒಣ ಹಿಟ್ಟು ಕಾಣದಷ್ಟು ಆದ ಕೂಡಲೇ ನಿಲ್ಲಿಸಿ, ಚಾಕಲೇಟ್ ಚೂರು, ಗೇರುಬೀಜ ಹಾಕಿ. ಹಿಡಿಯಲ್ಲಿ ಒತ್ತಿದರೆ ಉಂಡೆಯಾಗಬೇಕು. ಆಗದಿದ್ದರೆ ಹಾಲು ಒಂದೊಂದೇ ಚಮಚ.

ಹಿಟ್ಟನ್ನು ಮುಚ್ಚಿ ಫ್ರಿಜ್ಜಿನಲ್ಲಿ ಇಡಿ. ಮಳೆಗಾಲದಲ್ಲಿ ಅರ್ಧ ಗಂಟೆ, ಬೇಸಗೆಯಲ್ಲಿ ಒಂದು ಗಂಟೆ. ಹೊಸಬರು ಬಿಟ್ಟುಬಿಡುವ ಹಂತ ಇದು. ಕರಾವಳಿಯಲ್ಲಿ ಮಾತ್ರ ಬಿಡಬೇಡಿ.

ಅಷ್ಟರಲ್ಲಿ ಓವನ್ ಕಾಯಲಿ, 170 ಡಿಗ್ರಿಗೆ ಹದಿನೈದು ನಿಮಿಷ. ಮೈಕ್ರೊವೇವ್ ಆದರೆ ಕನ್ವೆಕ್ಷನ್ ಎಂಬ ಗುಂಡಿಯಲ್ಲಿ ಮಾತ್ರ ಆಗುತ್ತದೆ. ಓವನ್ ಇಲ್ಲದವರು ದಪ್ಪ ತಳದ ಪಾತ್ರೆಯಲ್ಲಿ ಒಂದಿಂಚು ಮರಳು ಅಥವಾ ಹರಳುಪ್ಪು ಹರಡಿ, ಮೇಲೊಂದು ಸ್ಟ್ಯಾಂಡ್ ಇಟ್ಟು, ಮುಚ್ಚಿ ಹತ್ತು ನಿಮಿಷ ಕಾಯಿಸಿ. ಕುಕ್ಕರ್ ಬಳಸುವುದಾದರೆ ರಬ್ಬರ್ ರಿಂಗನ್ನೂ ಸೀಟಿಯನ್ನೂ ತೆಗೆದೇ ಇಡಬೇಕು, ನೀರು ಹಾಕುವ ಹಾಗಿಲ್ಲ. ಇದರಲ್ಲಿ ಸಣ್ಣ ಉರಿಯಲ್ಲಿ ಹದಿನೆಂಟು ಇಪ್ಪತ್ತು ನಿಮಿಷ ಹಿಡಿಯುತ್ತದೆ, ಒಮ್ಮೆಗೆ ಆರೋ ಏಳೋ ಬಿಸ್ಕುಟು ಅಷ್ಟೆ.

ಹಿಟ್ಟಿನಿಂದ ಸಣ್ಣ ಲಿಂಬೆ ಗಾತ್ರದ ಉಂಡೆ ಮಾಡಿ, ಅಂಗೈಯಲ್ಲಿ ತುಸು ಒತ್ತಿ. ತಟ್ಟೆಗೆ ಬೆಣ್ಣೆ ಕಾಗದ ಹಾಸಿ, ಎರಡು ಬೆರಳು ಅಂತರ ಬಿಟ್ಟು ಇಡಿ. ಎಲ್ಲವನ್ನೂ ಒಮ್ಮೆಲೇ ಇಡಬೇಡಿ. ಮೊದಲು ಎರಡೇ ಎರಡು ಇಟ್ಟು ಬೇಯಿಸಿ. ಮೊದಲ ದೋಸೆ ಕಾವಲಿ ನೋಡಲಿಕ್ಕೆ ಎನ್ನುತ್ತೇವಲ್ಲ, ಹಾಗೆ ಇವೆರಡು ಓವನ್ ನೋಡಲಿಕ್ಕೆ. ಮನೆಯ ಓವನ್ನಿನ ಗುಂಡಿ 170 ಎಂದು ತೋರಿಸಿದರೂ ಒಳಗೆ 155 ಇರಬಹುದು, 190 ಇರಬಹುದು. ಎರಡೂ ಹರಡಿದರೆ ಹಿಟ್ಟಿಗೆ ಇನ್ನೊಂದು ಚಮಚ ಮೈದಾ ಸೇರಿಸಿ, ಪುನಃ ತಂಪು ಮಾಡಿ. ಇಟ್ಟ ಹಾಗೆಯೇ ಉಂಡೆಯಾಗಿ ಕೂತರೆ ಮಿಕ್ಕವನ್ನು ಇನ್ನೂ ಸ್ವಲ್ಪ ಒತ್ತಿ ಇಡಿ.

ಬೆಂದಿತೋ ಇಲ್ಲವೋ ತಿಳಿಯುವುದು ಹೇಗೆ? ಸಾದಾ ಬಿಸ್ಕುಟು ಹೊಂಬಣ್ಣಕ್ಕೆ ಬಂದರೆ ಗೊತ್ತಾಗುತ್ತದೆ. ಚಾಕಲೇಟಿನದು ಹಸಿಯಾಗಿದ್ದಾಗಲೂ ಕಪ್ಪು, ಸೀದರೂ ಕಪ್ಪು. ಇಲ್ಲಿ ಕಣ್ಣಿಗಿಂತ ಮೂಗು ದೊಡ್ಡದು. ಒಂಬತ್ತು ಹತ್ತು ನಿಮಿಷಕ್ಕೆ ಅಡುಗೆಮನೆಯಲ್ಲಿ ಪರಿಮಳ ಏಳುತ್ತದೆ. ಜಗಲಿಯಲ್ಲಿ ಕೂತವರು “ಎಂತ ಮಾಡ್ತಿದ್ರಿ?” ಎಂದು ಕೇಳುವ ಹೊತ್ತಿಗೆ ಹೋಗಿ ನೋಡಿ. ಅಂಚು ಗಟ್ಟಿಯಾಗಿ, ಮೇಲ್ಮೈಯ ಹೊಳಪು ಹೋಗಿ, ಸಣ್ಣ ಬಿರುಕು ಬಿಟ್ಟು, ನಡು ಮಾತ್ರ ಇನ್ನೂ ಮೆತ್ತಗಿದ್ದರೆ ಆಯಿತು. ಹನ್ನೆರಡರಿಂದ ಹದಿನಾಲ್ಕು ನಿಮಿಷ. ಮೆತ್ತಗಿದೆ ಎಂದು ಹೆದರಿ ಇನ್ನೈದು ನಿಮಿಷ ಇಡುವುದೇ ಎಲ್ಲ ಹೊಸಬರ ತಪ್ಪು, ನಾನೂ ಮಾಡಿದ್ದೇನೆ. ಮೈಸೂರುಪಾಕು ತಟ್ಟೆಗೆ ಸುರಿದಾಗ ಗಟ್ಟಿ ಇರುತ್ತದೆಯೇ? ಬಿಸಿಯಲ್ಲಿ ಕರಗಿರುವ ಸಕ್ಕರೆಯೂ ಬೆಣ್ಣೆಯೂ ಆರುವಾಗ ಬಿಗಿಯುತ್ತವೆ. ಟ್ರೇಯನ್ನು ಹೊರಗೆ ತೆಗೆದು ಹತ್ತು ನಿಮಿಷ ಮುಟ್ಟಬೇಡಿ. ಮಕ್ಕಳಿರುವ ಮನೆಯಲ್ಲಿ ಈ ಹತ್ತು ನಿಮಿಷವೇ ಇಡೀ ಪಾಠದ ಕಷ್ಟದ ಭಾಗ. ಸೀದ ವಾಸನೆಗೂ ಪರಿಮಳಕ್ಕೂ ಒಂದೆರಡು ನಿಮಿಷದ ಅಂತರ ಮಾತ್ರ, ಹಾಗಾಗಿ ಆ ಹೊತ್ತಿನಲ್ಲಿ ಫೋನ್ ಎತ್ತಬೇಡಿ.

ಮಳೆಗಾಲದಲ್ಲಿ ಬೇಯುವ ಮಧ್ಯೆ ಕರೆಂಟು ಹೋದರೆ ಓವನ್ ಬಾಗಿಲು ತೆರೆಯಬೇಡಿ. ಒಳಗಿನ ಬಿಸಿ ಹತ್ತು ಹನ್ನೆರಡು ನಿಮಿಷ ಕೆಲಸ ಮಾಡುತ್ತದೆ. ಅರ್ಧಕ್ಕಿಂತ ಹೆಚ್ಚು ಹೊತ್ತು ಬೆಂದಿದ್ದರೆ ಸಾಮಾನ್ಯವಾಗಿ ತಿನ್ನುವ ಹಾಗೆ ಆಗಿರುತ್ತದೆ.

ಕಾಪಿಡುವ ವಿಷಯ ನಿಮಗೆ ನಾನು ಹೇಳಬೇಕಾಗಿಲ್ಲ, ಹಪ್ಪಳ ಸಂಡಿಗೆ ಕಾಪಾಡಿದ ಕೈಗಳು ನಿಮ್ಮವು. ಸಕ್ಕರೆಯೂ ಬೆಲ್ಲವೂ ಗಾಳಿಯ ನೀರನ್ನು ಎಳೆಯುತ್ತವೆ, ಬೆಲ್ಲ ಹೆಚ್ಚು ಎಳೆಯುತ್ತದೆ. ಜೂನ್ ಜುಲೈ ತಿಂಗಳಲ್ಲಿ ಬಿಸ್ಕುಟನ್ನು ತೆರೆದಿಟ್ಟರೆ ಸಂಜೆಯೊಳಗೆ ಮೆತ್ತಗೆ. ಪೂರ್ತಿ ಆರಿದ ಮೇಲೆಯೇ ಡಬ್ಬಿಗೆ ತುಂಬಿ, ಬಿಸಿಯಲ್ಲಿ ತುಂಬಿದರೆ ಒಳಗೇ ಬೆವರುತ್ತದೆ. ದೊಡ್ಡ ಡಬ್ಬಿ ಒಂದರ ಬದಲು ಸಣ್ಣವು ಎರಡು ಇರಲಿ, ಒಂದನ್ನು ಬಾರಿಬಾರಿ ತೆರೆದರೂ ಇನ್ನೊಂದು ಉಳಿಯುತ್ತದೆ. ಮೆತ್ತಗಾದದ್ದನ್ನು 150 ಡಿಗ್ರಿಯಲ್ಲಿ ಐದು ನಿಮಿಷ ಇಟ್ಟು ಆರಿಸಿದರೆ ಪುನಃ ಗರಿಗರಿ. ಹೀಗೆ ಹತ್ತು ದಿನ ಇಡಬಹುದು.

ಎರಡನೆಯ ಸಲ ಮಾಡುವಾಗ ಒಂದನ್ನು ಮಾತ್ರ ಬದಲಾಯಿಸಿ. ಮೈದಾದಲ್ಲಿ ಅರ್ಧಕ್ಕೆ ಗೋಧಿ ಹಿಟ್ಟು ಹಾಕಿ ನೋಡುವುದಾದರೆ ಬೆಣ್ಣೆ, ಸಕ್ಕರೆ ಮೊದಲಿನಷ್ಟೇ ಇರಲಿ, ಹಾಲು ಅರ್ಧ ಚಮಚ ಹೆಚ್ಚು ಬೇಡುತ್ತದೆ. ಹಿಟ್ಟು, ಬೆಣ್ಣೆ, ಸಕ್ಕರೆ ಮೂರನ್ನೂ ಒಟ್ಟಿಗೆ ಬದಲಾಯಿಸಿದರೆ ಯಾವುದರಿಂದ ಕೆಟ್ಟಿತು, ಯಾವುದರಿಂದ ಚೆನ್ನಾಯಿತು ಎಂದು ಗೊತ್ತಾಗುವುದಿಲ್ಲ. ಕ್ಯಾಲೆಂಡರಿನ ಹಿಂದೆಯಾದರೂ ಸರಿ, ಅಳತೆ, ನಿಮಿಷ, ಆ ದಿನ ಮಳೆಯಿತ್ತೋ ಬಿಸಿಲಿತ್ತೋ ಬರೆದಿಡಿ.

ಲಿಂಬೆಯ ಸಿಪ್ಪೆಯಿಂದ ಆ ಹಣ್ಣಿನ ರುಚಿ ಪೂರ್ತಿ ಬಂತೇ ಎಂದು ಕೇಳಿದರೆ, ಇಲ್ಲ. ಹತ್ತಿರ ಬರುತ್ತದೆ. ನಿಮ್ಮ ನೆಂಟರ ತೋಟದಲ್ಲಿ ಕೊಕ್ಕೋ ಗಿಡ ಇದ್ದರೆ, ಹಳದಿಯಾದ ಒಂದು ಹಣ್ಣು ತರಿಸಿ, ಬಿಸ್ಕುಟು ಆರುವ ಆ ಹತ್ತು ನಿಮಿಷ ಮಕ್ಕಳಿಗೆ ಅದನ್ನು ಒಡೆದು ಕೊಡಿ. ಚೀಪಿದ ಬೀಜ ಬುಟ್ಟಿಗೆ ಮಾತ್ರ ಹಾಕಿಸಬೇಡಿ.